ಗೆಜ್ಜೆ ಬಿಚ್ಚುವ ಹೊತ್ತಿನ ಲೆಕ್ಕ

ಪತ್ತನಾಜೆ ಬಂತೆಂದರೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳ ತಿರುಗಾಟದ ಲೆಕ್ಕ ಅಲ್ಲಿಗೆ ಚುಕ್ತಾ. ಬೆಳಗಾದರೆ ಅಳಿಸಿಹೋಗುವ ಬಣ್ಣದವರ ನೆನಪಿನ ಲೆಕ್ಕ ಇಟ್ಟವರು ಯಾರು?

ಹೆಚ್ಚಾಗಿ ಮೇಷ್ಟ್ರುಗಳೇ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು 1970ರ ದಶಕದ ಆರಂಭದಲ್ಲಿ ಯಕ್ಷಗಾನ ಕೇಂದ್ರವನ್ನೂ, ಮುಂದೆ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವನ್ನೂ ಕಟ್ಟಿದರು. ಅಷ್ಟರಲ್ಲಾಗಲೇ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತ್ತು. ಆಟವೂ ಅಧ್ಯಯನದ ವಸ್ತು ಎಂಬುದು ಒಪ್ಪಿತವಾಗಿತ್ತು.

ಆದರೆ ಇಲ್ಲಿ ಕಲಿಸಿದವರು ಪದವೀಧರರಷ್ಟೇ ಅಲ್ಲ. ಏರು ಮದ್ದಳೆಯ ಹಿರಿಯಡಕ ಗೋಪಾಲ ರಾಯರು ಮೇಳದ ಹಿಮ್ಮೇಳದಿಂದ ಬಂದು ಕೇಂದ್ರದಲ್ಲಿ ಗುರುವಾದರು. ಅವರಲ್ಲಿ ಕಲಿತ ಅಮೆರಿಕದ ಮಾರ್ತಾ ಆ್ಯಷ್ಟನ್ 1977ರಲ್ಲಿ ಯಕ್ಷಗಾನದ ಮೇಲೆ ಇಂಗ್ಲಿಷ್ ಪುಸ್ತಕವನ್ನೇ ತಂದರು. ರಾಯರು ತೀರಿಕೊಂಡದ್ದು 2020ರಲ್ಲಿ, ನೂರು ತುಂಬಿಸಿ. ಉಜಿರೆ ಬಳಿಯ ಮಾಚಾರಿನ ಕೃಷಿಕ ಗೋಪಾಲ ನಾಯ್ಕರದು ಇನ್ನೂ ದೊಡ್ಡ ಪಾಠ. 1990ರ ಡಿಸೆಂಬರಿನಲ್ಲಿ ಅವರು ತುಳುವಿನ ಸಿರಿ ಮಹಾಕಾವ್ಯವನ್ನು ನೆನಪಿನಿಂದಲೇ ಹಾಡಿದರು: 15,683 ಸಾಲು. ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರು ಅವರೆದುರು ಶಿಷ್ಯರಂತೆ ಕೂತರು.

ಅದೇ ವರ್ಷದ ಮೇ ತಿಂಗಳಲ್ಲಿ ಭಾಗವತ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ವಯಸ್ಸು 32 ಕೂಡ ತುಂಬಿರಲಿಲ್ಲ. ಅವರು ಹೋದ ಮೇಲೆ ಹುಟ್ಟಿದವರಿಗೂ ಆ ಕಂಠದ ಗುರುತಿದೆ, ಕ್ಯಾಸೆಟ್ಟುಗಳು ಉಳಿದವಲ್ಲ.

ಇದು ಜಮೆಯ ಬದಿ. ಬಾಕಿಯ ಬದಿಯಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳಲ್ಲೇ ಆಯುಷ್ಯ ಕಳೆದವರಿದ್ದಾರೆ. ವೇಷ ಕಟ್ಟುವ ಚೌಕಿಯ ಪೆಟ್ಟಿಗೆ ಹೊತ್ತವರಿದ್ದಾರೆ. ಹಗಲು ಮಗ್ಗಿ, ಸಂಜೆ ತಾಳ ಹೇಳಿಕೊಟ್ಟ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರುಗಳಿದ್ದಾರೆ. ಪ್ರಸಂಗದ ಹೆಸರು ನೆನಪಿದೆ, ಭಾಗವತರ ಹೆಸರು ನೆನಪಿದೆ. ಅಂದು ಚೆಂಡೆ ಹಿಡಿದವರು ಯಾರೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ.

ಇಂದು ಪ್ರತಿ ಕಿಸೆಯಲ್ಲೂ ಕ್ಯಾಮೆರಾ ಇದೆ. ಆಟ ದಾಖಲಾಗುತ್ತಿದೆ, ಆಡಿದವರು ದಾಖಲಾಗುತ್ತಿಲ್ಲ. ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಮುಂದಿನ ಪತ್ತನಾಜೆಗೆ ಹತ್ತಿರದ ಕಾಲೇಜಿನ ಮೇಷ್ಟ್ರೊಬ್ಬರು ನೋಟ್‌ಬುಕ್ ಹಿಡಿದು ಚೌಕಿಗೆ ಹೋಗಲಿ. ಹೆಸರು, ಊರು, ಗುರು ಯಾರು ಎಂದು ಕೇಳಿ ಬರೆದುಕೊಳ್ಳಲಿ, ಪೆಟ್ಟಿಗೆ ಹೊರುವವರಿಂದ ಶುರುಮಾಡಿ.