ಒಂದೇ ಡೋರ್ ಸಾಕು ಅಂದೆ, ಕಾರು ಎರಡು ಬಣ್ಣದ್ದಾಯ್ತು!

ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ ಹತ್ತಿರ ನಿಂತಿರೋ ನನ್ನ ಸಿಲ್ವರ್ ಕಲರ್ ಕಾರನ್ನ ಬಿಸಿಲಲ್ಲಿ ನೋಡಿದ್ರೆ, ಎಡಗಡೆ ಹಿಂದಿನ ಬಾಗಿಲನ್ನ ಬೇರೆ ಯಾವುದೋ ಕಾರಿಂದ ಕಿತ್ತು ತಂದು ಹಾಕಿದ್ದಾರೆ ಅಂದ್ಕೊಳ್ತೀರ. ಊರಿಂದ ಬಂದಿದ್ದ ಅಪ್ಪ ಅಂದಿದ್ದೂ ಅದನ್ನೇ: "ಇದೇನೋ, ಅಂಗಿ ಒಂದು, ತೋಳು ಇನ್ನೊಂದು!" 2011ರಿಂದ ಇಲ್ಲಿ ಓಡ್ತಿರೋ ಮೆಟ್ರೋ ಬೋಗಿಗಳೇ ಪುಣ್ಯವಂತವು. ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲು, ಮೆಟಾಲಿಕ್ ಪೇಂಟಿನ ತಾಪತ್ರಯ ಇಲ್ಲ.

ಆಗಿದ್ದಿಷ್ಟು. ಮೂರು ತಿಂಗಳ ಹಿಂದೆ ಪಾರ್ಕಿಂಗ್ ಕಂಬಕ್ಕೆ ಕಾರು ಉಜ್ಜಿದ್ದೆ. ಹಳೇ ಮದ್ರಾಸ್ ರಸ್ತೆಯ ಒಂದು ಗ್ಯಾರೇಜಿಗೆ ತಗೊಂಡು ಹೋದೆ. ಪೇಂಟರ್ ಒಂದು ಸುತ್ತು ಹಾಕಿ ನೋಡಿ, "ಸಾರ್, ಮೆಟಾಲಿಕ್ ಕಲರು. ಈ ಡೋರ್ ಒಂದೇ ಹೊಡೆದ್ರೆ ಎದ್ದು ಕಾಣುತ್ತೆ. ಮುಂದಿನ ಡೋರ್‌ಗೂ ಹಿಂದಿನ ಫೆಂಡರ್‌ಗೂ ಸ್ವಲ್ಪ ಎಳೀಬೇಕು, ಮೂರಕ್ಕೂ ಕ್ಲಿಯರ್ ಹೊಡೀಬೇಕು" ಅಂದ್ರು. ಮೂರು ಪ್ಯಾನೆಲ್ ಬಿಲ್ ಮಾಡೋಕೆ ನಾಟಕ ಅಂತ ನನಗನ್ನಿಸ್ತು. "ಕಲರ್ ಕೋಡ್ ಇದೆಯಲ್ಲಣ್ಣ, ಅದನ್ನೇ ಮಿಕ್ಸ್ ಮಾಡಿಸಿ ಹೊಡೀರಿ. ಒಂದೇ ಡೋರು. ನಾಳೆ ಸಂಜೆ ಕಾರು ಬೇಕು" ಅಂದೆ. ರೇಟಲ್ಲೂ ಐನೂರು ಇಳಿಸಿದೆ. ಸಾಫ್ಟ್‌ವೇರ್ ಇಂಜಿನಿಯರ್ ನೋಡಿ, ಕೋಡ್ ಸರಿ ಇದ್ರೆ ಔಟ್‌ಪುಟ್ಟೂ ಸರಿ ಇರುತ್ತೆ ಅನ್ನೋ ನಂಬಿಕೆ :)

ಸಂಜೆ ಗ್ಯಾರೇಜಿನ ಟ್ಯೂಬ್‌ಲೈಟಲ್ಲಿ ಎಲ್ಲ ಚೆನ್ನಾಗೇ ಇತ್ತು. ಮಾರನೇ ದಿನ ಬಿಸಿಲಿಗೆ ತಂದ್ರೆ ಬಾಗಿಲ ಮೇಲೆಲ್ಲ ಮೋಡ ಮೋಡ! ಎದುರಿಂದ ನೋಡಿದ್ರೆ ಪಕ್ಕದ ಬಾಗಿಲಿಗಿಂತ ಕಪ್ಪು, ಓರೆಯಿಂದ ನೋಡಿದ್ರೆ ಬಿಳುಪು. ಹೋಗಿ ಎಗರಾಡಿದೆ. ಅವರು ಜಗಳ ಆಡ್ಲಿಲ್ಲ, "ಮೊದ್ಲೇ ಹೇಳಿದ್ನಲ್ಲ ಸಾರ್" ಅಂದ್ರು ಅಷ್ಟೆ. ಆ ಮಾತು ಚುಚ್ಚಿ, ಕೂತು ಓದಿ ತಿಳ್ಕೊಂಡೆ.

ಮೆಟಾಲಿಕ್ ಪೇಂಟಲ್ಲಿ ಬಣ್ಣದ ಜೊತೆ ಅಲ್ಯೂಮಿನಿಯಂ ಚಕ್ಕೆಗಳಿರುತ್ತವೆ, ಮೈಕ್ರಾನ್ ಲೆಕ್ಕದವು. ಒಂದೊಂದೂ ಪುಟ್ಟ ಕನ್ನಡಿ ಇದ್ದ ಹಾಗೆ. ಮಟ್ಟಸವಾಗಿ ಮಲಗಿದ್ರೆ ಎದುರಿಂದ ಹೊಳಪು, ಓರೆಯಿಂದ ಗಾಢ. ಅಡ್ಡಾದಿಡ್ಡಿ ನಿಂತ್ರೆ ಎಲ್ಲ ಉಲ್ಟಾ. ಹಾಗಾಗಿ ಡಬ್ಬಿಯಲ್ಲಿರೋ ಬಣ್ಣ ಒಂದೇ ಆದ್ರೂ ಹೊಡೆಯೋ ರೀತಿ ಮೇಲೆ ಕಾಣೋ ಬಣ್ಣ ಬೇರೆ. ಗನ್ ತೀರಾ ಹತ್ತಿರ ಹಿಡಿದು ದಪ್ಪಗೆ, ಒದ್ದೆಯಾಗಿ ಹೊಡೆದ್ರೆ ಚಕ್ಕೆಗಳು ತೇಲಾಡಿ ಮೋಡ ಕಟ್ಟುತ್ತೆ. ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಕನಿಷ್ಠ ಅರ್ಧದಷ್ಟಾದ್ರೂ ಕೂರದಿದ್ರೆ ಹುಲಿಪಟ್ಟೆ. ಡಬ್ಬಿ ಸರಿಯಾಗಿ ಕಲಕದಿದ್ರೆ ಚಕ್ಕೆಯೆಲ್ಲ ತಳದಲ್ಲೇ. ಒಂದು ಕೋಟ್ ಆರೋ ಮುಂಚೆ ಇನ್ನೊಂದು ಹೊಡೆದ್ರೂ ಮೋಡವೇ. ನಾಳೆ ಸಂಜೆಯೇ ಬೇಕು ಅಂತ ಅವಸರ ಮಾಡಿದ್ದು ಯಾರು? ನಾನೇ.

ಕ್ಲಿಯರ್ ಹೊಡೆಯೋ ಮುಂಚೆ ಗೊತ್ತಾದ್ರೆ ಸರಿಮಾಡೋದು ಸುಲಭ. ಬೇಸ್ ಕೋಟ್ ಆರಲು ಬಿಟ್ಟು, ಪ್ರೆಶರ್ ಇಳಿಸಿ, ಗನ್ ಸ್ವಲ್ಪ ದೂರ ಹಿಡಿದು, ಮೇಲಿಂದ ತೆಳ್ಳಗೆ ಒಂದು ಕೋಟ್ ಉದುರಿಸಿದ ಹಾಗೆ ಹೊಡೀತಾರೆ. ಕ್ಲಿಯರ್ ಆದ ಮೇಲೆ ಎಷ್ಟು ರಬ್ಬಿಂಗ್ ಮಾಡಿಸಿದ್ರೂ ದಂಡ. ಪಾಲಿಶ್ ತಾಗೋದು ಮೇಲಿನ ಕ್ಲಿಯರ್‌ಗೆ, ಚಕ್ಕೆ ಇರೋದು ಅದರ ಕೆಳಗೆ. ಪೇಪರ್ ಹೊಡೆದು ಬೇಸ್‌ನಿಂದಲೇ ಮತ್ತೆ ಶುರು ಮಾಡ್ಬೇಕು.

ಇನ್ನು, ಎಷ್ಟೇ ಚೆನ್ನಾಗಿ ಹೊಡೆದ್ರೂ, ಫ್ಯಾಕ್ಟರಿಯಲ್ಲಿ ಮೆಷಿನ್ ಹೊಡೆದು ಆಮೇಲೆ ವರ್ಷಗಟ್ಟಲೆ ಬಿಸಿಲು ತಿಂದಿರೋ ಬಣ್ಣಕ್ಕೆ ಇವತ್ತು ಕೈಯಲ್ಲಿ ಹೊಡೆದ ಬಣ್ಣ ತದ್ರೂಪ ಕೂರೋದು ಕಷ್ಟ. ಅದಕ್ಕೇ ಪಕ್ಕದ ಪ್ಯಾನೆಲ್ ಮೇಲೆ ತೆಳುವಾಗ್ತಾ ಹೋಗೋ ಹಾಗೆ ಬಣ್ಣ ಎಳೆಯೋದು. ಎಲ್ಲಿ ಹಳೇದು ಮುಗಿದು ಹೊಸದು ಶುರುವಾಯ್ತು ಅಂತ ಕಣ್ಣಿಗೆ ಸಿಗಬಾರದು. ಅವರು ಕೇಳಿದ್ದ ಆ ಎರಡು ಪ್ಯಾನೆಲ್ ಇದಕ್ಕೇ.

ನನಗೆ ನಾಚಿಕೆಯಾಗಿದ್ದು ಯಾಕೆ ಗೊತ್ತಾ? ಆಫೀಸಲ್ಲಿ ಕ್ಲೈಂಟ್ "ಒಂದೇ ಲೈನ್ ಚೇಂಜು, ನಾಳೆ ಕೊಡಿ" ಅಂದಾಗ, "ಪಕ್ಕದ ಮಾಡ್ಯೂಲುಗಳನ್ನೂ ಟೆಸ್ಟ್ ಮಾಡ್ಬೇಕು ಸ್ವಾಮಿ" ಅಂತ ವಾದ ಮಾಡೋನು ನಾನೇ. ಎಸ್ಟಿಮೇಟ್ ಉಬ್ಬಿಸ್ತಿದ್ದೀರ ಅಂದ್ರೆ ಉರಿದು ಬೀಳೋನೂ ನಾನೇ. ಗ್ಯಾರೇಜಲ್ಲಿ ಮಾತ್ರ ನಾನೇ ಆ ಕ್ಲೈಂಟ್ ಆಗಿಬಿಟ್ಟೆ. ಡಿಗ್ರಿ ಇಲ್ಲದವರು ಕೆಲಸದ ಕಾರಣ ಹೇಳಿದ್ರೆ ಅದು ನಮ್ಮ ಕಿವಿಗೆ ಕಾಸು ಕೀಳೋ ಉಪಾಯವಾಗೇ ಕೇಳಿಸುತ್ತೆ. ಮೋಸ ಮಾಡೋರು ಇಲ್ಲ ಅಂತಲ್ಲ. ಆದ್ರೆ "ಯಾಕೆ?" ಅಂತ ಒಂದು ಮಾತು ಕೇಳೋಕೆ ನನಗೇನು ಖರ್ಚಿತ್ತು? ಒಂದು ತಗಡಿನ ತುಂಡಿಗೆ ಬೇಸ್, ಕ್ಲಿಯರ್ ಎರಡೂ ಹೊಡೆಸಿ, ಬಿಸಿಲಲ್ಲಿ ಕಾರಿನ ಪಕ್ಕ ಹಿಡಿದು ಎದುರಿಂದ, ಓರೆಯಿಂದ ನೋಡಿದ್ರೆ ಅಲ್ಲೇ ತೀರ್ಮಾನವಾಗ್ತಿತ್ತು.

ಮುಂದಿನ ವಾರ ಕಾರನ್ನ ಅದೇ ಗ್ಯಾರೇಜಿಗೇ ಕೊಡ್ತಿದ್ದೀನಿ. ಮೂರು ಪ್ಯಾನೆಲ್, ಅವರು ಕೇಳಿದಷ್ಟು ದಿನ. ಆವತ್ತು ಇಳಿಸಿದ್ದ ಐನೂರೂ ಸೇರಿಸಿ ಕೊಡ್ತೀನಿ. "ಸಾರಿ ಅಣ್ಣ" ಅನ್ನೋದನ್ನ ಹೇಗೆ ಶುರು ಮಾಡ್ಲಿ ಅನ್ನೋದೇ ಈಗಿನ ಯೋಚನೆ.

ನಿಮಗೂ ಹೀಗೆ ಆಗಿದ್ಯಾ? ಹೇಳಿ.