ವಾಕಿಂಗಿನ ದಂಡ ಯಾರ ಜೇಬಿಂದ?

ಬೆಳಿಗ್ಗೆ ಆರು ಗಂಟೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತರೆ ಮೈಸೂರಿನ ಅರ್ಧ ವ್ಯಾಪಾರ ಕಣ್ಣಿಗೆ ಬೀಳುತ್ತದೆ. ಸಯ್ಯಾಜಿರಾವ್ ರಸ್ತೆಯ ಜವಳಿಯವರು, ಸಂತೇಪೇಟೆಯ ದಿನಸಿಯವರು, ಜೊತೆಗೆ ಪೆನ್ಷನ್ ಮೇಷ್ಟ್ರುಗಳು. ಎಲ್ಲರಿಗೂ ಡಾಕ್ಟರು ಒಂದೇ ಚೀಟಿ ಬರೆದಿರುತ್ತಾರೆ: ‘ನಡೀರಿ ಸ್ವಾಮಿ, ನಡೀರಿ.’ ಹದಿನೈದು ದಿನ ನಡೆಯುತ್ತಾರೆ. ಆಮೇಲೆ ಒಂದು ಮಳೆ, ಒಂದು ಮದುವೆ, ಒಂದು ಹಬ್ಬದ ಸೀಸನ್ನು. ಅಷ್ಟೇ. ಬೂಟು ಮಂಚದ ಕೆಳಗೆ, ಯಜಮಾನರು ಮಂಚದ ಮೇಲೆ.

ಈ ಸೋಮಾರಿತನಕ್ಕೆ ಕೆಲವು ಮನೆಗಳಲ್ಲಿ ಒಂದು ಮದ್ದು ಹುಡುಕಿಕೊಂಡಿದ್ದಾರೆ. ಅದೇ ಗಂಡ ಹೆಂಡಿರ ಕರಾರು. ವಾರಕ್ಕೆ ಐದು ದಿನ ನಡೆದರೆ ಭಾನುವಾರ ಮಸಾಲೆ ದೋಸೆ. ತಪ್ಪಿದರೆ ದಿನಕ್ಕೆ ಐವತ್ತು ರೂಪಾಯಿ ಹುಂಡಿಗೆ. ‘ರೀ, ಏಳ್ರೀ, ಇವತ್ತೂ ಮಲಗಿದ್ರೆ ನೂರೈವತ್ತಾಯ್ತು’ ಎಂದು ಹೆಂಡತಿ ಕಂಬಳಿ ಎಳೆಯುತ್ತಾಳೆ.

ಇದನ್ನು ಕೇಳಿ ನಗಬೇಕಾಗಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 281 ಜನ ದಪ್ಪ ಮೈಯ ನೌಕರರನ್ನು ಆರಿಸಿ, ದಿನಕ್ಕೆ 7,000 ಹೆಜ್ಜೆ ನಡೆಯಿರಿ ಎಂದರು. ಒಂದು ಗುಂಪಿಗೆ ನಡೆದ ದಿನಕ್ಕೆ 1.40 ಡಾಲರ್ ಇನಾಮು. ಇನ್ನೊಂದು ಗುಂಪಿನ ಹೆಸರಿಗೆ ತಿಂಗಳ ಮೊದಲೇ 42 ಡಾಲರ್ ಇಟ್ಟು, ತಪ್ಪಿದ ದಿನಕ್ಕೆ 1.40 ಕಳೆಯುತ್ತಾ ಬಂದರು. ಎರಡೂ ಕಡೆ ಲೆಕ್ಕ ಒಂದೇ. ಆದರೆ ಫಲ ಬೇರೆ. ದುಡ್ಡಿನ ಆಸೆಯೇ ಇಲ್ಲದವರು ನೂರಕ್ಕೆ 30 ದಿನ ಗುರಿ ಮುಟ್ಟಿದರು, ಇನಾಮಿನವರು 35 ದಿನ, ಕಳೆದುಕೊಳ್ಳುವ ಭಯದವರು 45 ದಿನ. 2016ರಲ್ಲಿ ಈ ವರದಿ ಅಚ್ಚಾಯಿತು. ಬರುವ ರೂಪಾಯಿಗಿಂತ ಹೋಗುವ ರೂಪಾಯಿ ಮನುಷ್ಯನನ್ನು ಹೆಚ್ಚು ಓಡಿಸುತ್ತದೆ ಎಂಬುದನ್ನು ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜೋಡಿಯ ಬಲವೂ ಸುಳ್ಳಲ್ಲ. ಇಂಗ್ಲೆಂಡಿನ 3,722 ದಂಪತಿಗಳನ್ನು ಗಮನಿಸಿದ ಅಧ್ಯಯನ 2015ರಲ್ಲಿ ಬಂತು. ಹೆಂಡತಿ ವ್ಯಾಯಾಮ ಶುರು ಮಾಡಿದ ಮನೆಗಳಲ್ಲಿ ಗಂಡಂದಿರು ನೂರಕ್ಕೆ 67 ಜನ ಎದ್ದರು. ಹೆಂಡತಿ ಕೂತೇ ಇದ್ದ ಮನೆಗಳಲ್ಲಿ ಬರೀ 26. ಹೆಂಗಸರ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇದೆ.

ಹಾಗಾದರೆ ಮನೆಗೊಂದು ಹುಂಡಿ ಇಟ್ಟರೆ ಊರಿನ ಸಕ್ಕರೆ ಕಾಯಿಲೆ ಓಡಿಹೋಗುತ್ತದೆಯೇ? ತಡೆಯಿರಿ. ಅಮೆರಿಕದವರ ಪರೀಕ್ಷೆಯಲ್ಲಿ ದುಡ್ಡು ನಡೆದದ್ದು 13 ವಾರ. ದುಡ್ಡು ನಿಂತ ಮೇಲಿನ 13 ವಾರದಲ್ಲಿ ಗುಂಪು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಹುಂಡಿ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುತ್ತದೆ, ಓಡಿಸುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ದಂಡ ಯಾರ ಜೇಬಿಂದ ಹೋಗುತ್ತದೆ? ಅಲ್ಲಿ ದುಡ್ಡು ಮೂರನೆಯವರದು. ನಮ್ಮ ಮನೆಗಳಲ್ಲಿ ಬೀಗದ ಕೈ ಬಹುಪಾಲು ಯಜಮಾನರ ಸೊಂಟದಲ್ಲಿ. ಅವರು ತಪ್ಪಿದರೆ ಗಲ್ಲಾದಿಂದ ಐವತ್ತು ತೆಗೆದು ಹುಂಡಿಗೆ ಹಾಕುತ್ತಾರೆ, ಶನಿವಾರ ಅದೇ ಹುಂಡಿ ಅಲ್ಲಾಡಿಸಿ ಸಾಲ ತೆಗೆಯುತ್ತಾರೆ. ಹೆಂಡತಿ ತಪ್ಪಿದರೆ? ‘ಈ ತಿಂಗಳು ತರಕಾರಿ ದುಡ್ಡಲ್ಲಿ ಮುನ್ನೂರು ಕಟ್.’ ಇದು ಶಿಸ್ತಲ್ಲ, ದರ್ಬಾರು. ಮನೆ ಖರ್ಚಿಗೆ ಕೊಡಬೇಕಾದ ದುಡ್ಡು ತಡೆದು ಹೆಂಡತಿಯನ್ನು ಕಾಡಿಸುವುದನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಆರ್ಥಿಕ ದೌರ್ಜನ್ಯ ಎಂದೇ ಕರೆಯುತ್ತದೆ. ವಾಕಿಂಗಿನ ಹೆಸರು ಹೇಳಿದರೆ ಅದು ಪುಣ್ಯದ ಕೆಲಸ ಆಗುವುದಿಲ್ಲ. ನೆಂಟರ ಮುಂದೆ, ಅಂಗಡಿ ಹುಡುಗರ ಮುಂದೆ ‘ನೋಡಿ, ಹೆಂಗೆ ಊದ್ಕೊಂಡವಳೆ’ ಎಂದು ಆಡಿಕೊಳ್ಳುವುದೂ ಅಷ್ಟೇ. ಹಂಗಿಸಿದರೆ ಮೈ ಇಳಿಯುವುದಿಲ್ಲ, ಮನಸ್ಸು ಇಳಿಯುತ್ತದೆ.

ಇನ್ನು ಹೊತ್ತಿನ ಲೆಕ್ಕ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಹೊತ್ತು ದಿನಕ್ಕೆ ಸರಾಸರಿ 289 ನಿಮಿಷ. ಮನೆಗೆಲಸ ಮಾಡುವ ಗಂಡಸರದು 88. ಮಾಡದ ಗಂಡಸರು ಈ ಲೆಕ್ಕದಲ್ಲೇ ಇಲ್ಲ! ಬೆಳಿಗ್ಗೆ ಆರು ಗಂಟೆಗೆ ಹಾಲು ಉಕ್ಕುತ್ತಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ, ಮಕ್ಕಳ ಡಬ್ಬಿ ಬಾಯಿ ಬಿಟ್ಟಿರುತ್ತದೆ. ಆ ಹೊತ್ತಿಗೆ ಆಕೆ ಕೆರೆ ಸುತ್ತಲಿಲ್ಲ ಎಂದು ದಂಡ ಹಾಕುವುದು ಯಾವ ನ್ಯಾಯ?

‘ಅವಳಿಗೆ ಮನೆಗೆಲಸವೇ ವ್ಯಾಯಾಮ ಬಿಡಿ’ ಎನ್ನುವ ಮಹಾನುಭಾವರೂ ಇದ್ದಾರೆ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಅಚ್ಚು ಹಾಕಿದ ಅಂದಾಜು ನೋಡಿ. 2022ರಲ್ಲಿ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ, ಗಂಡಸರಲ್ಲಿ 42. ಮನೆಗೆಲಸವನ್ನೂ ಸೇರಿಸಿಕೊಂಡು ಹಾಕಿದ ಲೆಕ್ಕ ಇದು. ಒಲೆ ಮುಂದೆ ಗಂಟೆಗಟ್ಟಲೆ ನಿಂತರೆ ಕಾಲು ಸೋಲುತ್ತದೆ. ಎದೆಗೆ ಬೇಕಾದ ಬಿರುಸು ಸಿಗುವುದಿಲ್ಲ.

ಆದ್ದರಿಂದ ಕರಾರು ಬೇಡ ಎಂದಲ್ಲ. ಸರಿಯಾದ ಕರಾರು ಬೇಕು. ಲೆಕ್ಕ ನಡೆದ ದಿನಕ್ಕಿರಲಿ, ತಕ್ಕಡಿಯ ಕಿಲೋಗಲ್ಲ. ನಡೆಯುವುದು ನಮ್ಮ ಕೈಲಿದೆ, ತೂಕ ಇಳಿಯುವುದು ಪೂರ್ತಿ ನಮ್ಮ ಕೈಲಿಲ್ಲ. ದಂಡ ಅವರವರ ಕೈಖರ್ಚಿಂದ ಹೋಗಲಿ. ಯಜಮಾನರಾದರೆ ಬೀಡಾ, ಕಾಫಿ ದುಡ್ಡು. ಸಂಸಾರದ ಗಂಟಿಗೆ ಕೈ ಹಾಕಕೂಡದು. ಸ್ವಂತ ಕೈಖರ್ಚೇ ಇಲ್ಲದ ಹೆಂಗಸಿಗೆ ದಂಡವೂ ಇಲ್ಲ. ಗಂಡನ ದಂಡದ ಹುಂಡಿ ಹೆಂಡತಿ ಹತ್ತಿರ, ಹೆಂಡತಿಯದು ಗಂಡನ ಹತ್ತಿರ. ಜ್ವರ, ಬಸಿರು, ಬಾಣಂತನ, ತಿಂಗಳ ಹೊಟ್ಟೆನೋವಿಗೆ ರಜೆ, ಕಾರಣ ಕೇಳುವಂತಿಲ್ಲ. ಎದೆನೋವು ಇದ್ದವರು, ಸಕ್ಕರೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಲಿ.

ಬೆಳಿಗ್ಗೆ ಹೊತ್ತೇ ಇಲ್ಲ ಎನ್ನುವ ಬಸ್ಸಿನವರಿಗೂ ದಾರಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕೇಳುವುದು ವಾರಕ್ಕೆ ಕಡೇಪಕ್ಷ 150 ನಿಮಿಷ. ಎರಡು ಸ್ಟಾಪು ಮೊದಲೇ ಇಳಿದು ಹದಿನೈದು ನಿಮಿಷ ಬಿರಬಿರನೆ ನಡೆಯಿರಿ, ಸಂಜೆ ಮತ್ತೆ ಹದಿನೈದು. ಐದು ದಿನಕ್ಕೆ ಲೆಕ್ಕ ಚುಕ್ತಾ. ಅಂಗಡಿಯವರು ಮಧ್ಯಾಹ್ನದ ಊಟಕ್ಕೆ ಸ್ಕೂಟರ್ ಬಿಟ್ಟು ಹೋಗಿ ನೋಡಲಿ.

ಕಡೆಯದಾಗಿ ಬಹುಮಾನದ ಮಾತು. ಒಂದು ಮೊಳ ಮಲ್ಲಿಗೆ, ಒಂದು ಸೀರೆ ಇವೆಲ್ಲ ಸರಿಯೇ. ಆದರೆ ಹೆಂಗಸಿಗೆ ಬೇಕಾದ ಬಹುಮಾನ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಬೆಳಗಿನ ಅರ್ಧ ಗಂಟೆ. ಗಂಡನಾದವನು ಅದನ್ನು ತನ್ನ ನಿದ್ದೆಯಿಂದ ಕತ್ತರಿಸಿ ಕೊಡಬೇಕು. ಕರಾರು ಬರೆಯುವ ಮೊದಲು ಯಜಮಾನರು ಒಂದು ವಾರ ತಾವೇ ಹಾಲು ಕಾಯಿಸಿ, ಮಕ್ಕಳ ಡಬ್ಬಿ ಕಟ್ಟಲಿ. ದಂಡದ ಮಾತು ಎಂಟನೇ ದಿನ ಎತ್ತಿದರೆ ಸಾಕು.