ಬಾಯಾರಿದ ಇಲಿ, ಕಟ್ಟದ ಪೊಟ್ಟಣ

ತರಗತಿಯಲ್ಲಿ ಒಬ್ಬ ಹುಡುಗ ಪ್ರತಿ ಪೀರಿಯಡ್ಡಿನಲ್ಲೂ ಎದ್ದು ನಿಂತು ಹೊರಗೆ ಹೋಗಲು ಅನುಮತಿ ಕೇಳುತ್ತಾನೆ. ಬಂದು ಕುಳಿತ ಕೂಡಲೇ ನೀರಿನ ಬಾಟಲಿಗೆ ಬಾಯಿ ಹಚ್ಚುತ್ತಾನೆ. ರಾತ್ರಿ ಮೂರು ನಾಲ್ಕು ಸಲ ಏಳುತ್ತಾನೆ. ಒಮ್ಮೊಮ್ಮೆ ಹಾಸಿಗೆಯೂ ಒದ್ದೆ. ಪಾಠ ತಪ್ಪಿಸುವ ನೆಪ ಎಂದು ಮೇಷ್ಟರು ಗದರುತ್ತಾರೆ, ಸೋಮಾರಿತನ ಎಂದು ಮನೆಯವರು ಬೈಯುತ್ತಾರೆ. ಬೈಯುವ ಮೊದಲು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೂ ಹೀಗಾಗುವುದುಂಟು, ಆದ್ದರಿಂದ ರಕ್ತಪರೀಕ್ಷೆಗೆ ತಡ ಮಾಡಬಾರದು. ಆದರೆ ಬಲು ಅಪರೂಪಕ್ಕೆ, ರಕ್ತದಲ್ಲಿ ಸಕ್ಕರೆ ಸರಿಯಾಗಿದ್ದೂ ದಾಹ ತೀರದ ಮಕ್ಕಳಿರುತ್ತಾರೆ. ಅವರಲ್ಲಿ ಕೆಲವರ ಕಷ್ಟದ ಮೂಲ ಮೂತ್ರಪಿಂಡದಲ್ಲಿಲ್ಲ. ಅದು ಮಿದುಳಿನ ತಳಭಾಗದ ಒಂದು ಪುಟ್ಟ ಗುಂಪಿನ ನರಕೋಶಗಳಲ್ಲಿದೆ. ಅಲ್ಲಿ ಪೊಟ್ಟಣ ಕಟ್ಟುವ ಕೆಲಸ ಕೆಟ್ಟಿದೆ.

ಎಂಥ ಪೊಟ್ಟಣ? ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್ ಮಾತ್ರ. ಉಳಿದದ್ದು ರಕ್ತಕ್ಕೆ ಮರಳುತ್ತದೆ. ಈ ಮರಳಿಕೆಯ ಕೊನೆಯ ಹಂತವನ್ನು ಹತೋಟಿಯಲ್ಲಿಡುವುದು ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು. ಅದು ಇಲ್ಲದಿದ್ದರೆ ಮೂತ್ರ ದಿನಕ್ಕೆ 10 ಲೀಟರನ್ನೂ ಮೀರಬಹುದು. ಹೋದಷ್ಟು ನೀರನ್ನು ಕುಡಿದೇ ತುಂಬಿಕೊಳ್ಳಬೇಕು.

ಈ ಹಾರ್ಮೋನನ್ನು ತಯಾರಿಸುವುದು ಹೈಪೋಥಲಮಸ್ಸಿನ ನರಕೋಶಗಳು. ನರಕೋಶವೊಂದು ಗ್ರಂಥಿಯ ಕೆಲಸ ಮಾಡುವುದುಂಟೆ? 1928ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಶಾರರ್ ಮೀನಿನ ಮಿದುಳನ್ನು ನೋಡಿ ಹೌದು ಎಂದಾಗ ಹೆಚ್ಚಿನವರು ನಂಬಲಿಲ್ಲ. 1949ರಲ್ಲಿ ವೋಲ್ಫ್‌ಗಾಂಗ್ ಬಾರ್ಗ್‌ಮನ್ ಒಂದು ವಿಶೇಷ ಬಣ್ಣ ಹಾಕಿ, ಸ್ರಾವದ ಕಣಗಳು ಹೈಪೋಥಲಮಸ್ಸಿನಿಂದ ನರತಂತುಗಳ ಉದ್ದಕ್ಕೂ ಪಿಟ್ಯುಟರಿಯ ಹಿಂಭಾಗದವರೆಗೆ ಹರಡಿರುವುದನ್ನು ತೋರಿಸಿದ ಮೇಲೆ ವಾದ ತಣ್ಣಗಾಯಿತು. ಆ ಕಣಗಳೇ ಹಾರ್ಮೋನಿನ ಚೀಲಗಳು. 5-6 ಸಾವಿರ ಚೀಲಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಅಷ್ಟು ಪುಟ್ಟ ಚೀಲ ಒಂದರಲ್ಲೇ ಸುಮಾರು 80 ಸಾವಿರ ಹಾರ್ಮೋನು ಅಣುಗಳು!

ಅಂಗಡಿಯವನು ಮೊದಲು ಪೊಟ್ಟಣ ಸುತ್ತಿ ಆಮೇಲೆ ಸಕ್ಕರೆ ಸುರಿಯುತ್ತಾನೆ. ಜೀವಕೋಶದ ಪದ್ಧತಿ ಬೇರೆ. ಇಲ್ಲಿ ಸರಕೇ ತನ್ನ ಪೊಟ್ಟಣವನ್ನು ಕಟ್ಟಿಸಿಕೊಳ್ಳುತ್ತದೆ.

ವ್ಯಾಸೋಪ್ರೆಸಿನ್ ಬಹಳ ಚಿಕ್ಕದು, ಬರೀ 9 ಅಮೈನೋ ಆಮ್ಲಗಳ ಸರ. ಆದರೆ ಅದು ಒಂಟಿಯಾಗಿ ಹುಟ್ಟುವುದಿಲ್ಲ. 93 ಅಮೈನೋ ಆಮ್ಲಗಳ ನ್ಯೂರೋಫೈಸಿನ್ ಎಂಬ ಪ್ರೋಟೀನಿಗೂ, 39ರ ಕೋಪೆಪ್ಟಿನ್ ಎಂಬ ಇನ್ನೊಂದು ತುಂಡಿಗೂ ಅಂಟಿಕೊಂಡು ಒಂದೇ ಉದ್ದ ಸರವಾಗಿ ಹುಟ್ಟುತ್ತದೆ. ಪುಟ್ಟ ಕೂಸಿಗೆ ದೊಡ್ಡ ತೊಟ್ಟಿಲು ಎನ್ನಿ. ಹಾರ್ಮೋನು ನ್ಯೂರೋಫೈಸಿನ್ನಿನ ಒಂದು ಕುಳಿಯಲ್ಲಿ ಸರಿಯಾಗಿ ಕೂರುತ್ತದೆ. ಹಾಗೆ ಕೂತರೆ ಮಾತ್ರ ಇಡೀ ಸರ ಒಪ್ಪವಾಗಿ ಮಡಚಿಕೊಂಡು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಿಂದ ಗಾಲ್ಗಿ ಸಂಕೀರ್ಣಕ್ಕೆ ಸಾಗುತ್ತದೆ. ಗಾಲ್ಗಿಯ ಕೊನೆಯ ಕೋಣೆ ಸ್ವಲ್ಪ ಆಮ್ಲೀಯ. ಹಾಲಿಗೆ ನಿಂಬೆರಸ ಹಿಂಡಿದರೆ ಪ್ರೋಟೀನು ಗಟ್ಟಿ ಕಟ್ಟುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಸುಮಾರು ಅದೇ ಬಗೆಯಲ್ಲಿ ಈ ಪ್ರೋಟೀನುಗಳೂ ಇಲ್ಲಿ ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ. ಉಂಡೆಯ ಸುತ್ತ ಗಾಲ್ಗಿಯ ಪೊರೆ ಉಬ್ಬಿ, ಕತ್ತರಿಸಿಕೊಂಡು ಚೀಲವಾಗುತ್ತದೆ. ತಪ್ಪಿ ಒಳಸೇರಿದ ಬೇರೆ ಪ್ರೋಟೀನುಗಳು ಸಣ್ಣ ಸಣ್ಣ ಕೋಶಿಕೆಗಳಲ್ಲಿ ಆಚೆ ಹೋಗುತ್ತವೆ. ಪೊರೆಯಲ್ಲಿರುವ ಪಂಪುಗಳು ಒಳಗಿನ ಆಮ್ಲೀಯತೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಆಗ ಕತ್ತರಿ ಕಿಣ್ವಗಳು ಸರವನ್ನು ತುಂಡರಿಸುತ್ತವೆ. ಹಾರ್ಮೋನು ಬಿಡಿಯಾದರೂ ನ್ಯೂರೋಫೈಸಿನ್ನಿನ ಕುಳಿ ಬಿಟ್ಟು ಏಳುವುದಿಲ್ಲ. ಆಮ್ಲದಲ್ಲಿ ಆ ಹಿಡಿತ ಬಿಗಿ. ಮುಂದೆ ಚೀಲ ಒಡೆದು ರಕ್ತಕ್ಕೆ ಬಿದ್ದಾಗ ಅಲ್ಲಿ ಆಮ್ಲವಿಲ್ಲ, ಹಿಡಿತ ತಾನಾಗಿ ಸಡಿಲುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ಬೀಗ ಸಿಗುವುದು ಕಷ್ಟ.

ಸರಕೇ ಚೀಲ ಕಟ್ಟಿಸುತ್ತದೆ ಎಂಬುದಕ್ಕೆ ಆಧಾರ ಬೇಡವೆ? 2004ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ವಿಜ್ಞಾನಿಗಳು, ಇಂಥ ಚೀಲಗಳನ್ನು ಎಂದೂ ಮಾಡದ ಸಾಮಾನ್ಯ ಕೋಶಗಳಿಗೆ ವ್ಯಾಸೋಪ್ರೆಸಿನ್ನಿನ ಉದ್ದ ಸರವನ್ನು ತಯಾರಿಸುವ ಜೀನನ್ನು ಸೇರಿಸಿದರು. ಆ ಕೋಶಗಳಲ್ಲೂ ಚೀಲದಂಥ ಕಣಗಳು ಕಾಣಿಸಿಕೊಂಡವು. ಅದಕ್ಕೂ ಮುಂಚೆ, 2001ರಲ್ಲಿ, ಅಡ್ರಿನಲ್ ಗ್ರಂಥಿಯ ಚೀಲಗಳಲ್ಲಿ ತುಂಬಿರುವ ಕ್ರೋಮೋಗ್ರಾನಿನ್-ಎ ಎಂಬ ಪ್ರೋಟೀನೇ ಚೀಲ ಕಟ್ಟುವ ಸ್ವಿಚ್ಚು ಎಂದು ಅಮೆರಿಕದ ಸಂಶೋಧಕರು ಹೇಳಿದ್ದರು. ಆ ಮಾತು ಪೂರ್ತಿ ನಿಲ್ಲಲಿಲ್ಲ. ಕ್ರೋಮೋಗ್ರಾನಿನ್-ಎ ಇಲ್ಲದ ಇಲಿಮರಿಗಳನ್ನು ಬೆಳೆಸಿದಾಗ, 2005ರ ಒಂದು ವರದಿಯಂತೆ ಅಡ್ರಿನಲ್ ಗ್ರಂಥಿಯಲ್ಲಿ ಚೀಲಗಳು ಕಡಿಮೆಯಾಗಿ ರಕ್ತದೊತ್ತಡ ಏರಿತ್ತು. 2006ರ ಇನ್ನೊಂದು ವರದಿಯಂತೆ ಅದರ ನೆಂಟ ಪ್ರೋಟೀನುಗಳು ಹೆಚ್ಚಾಗಿ ಕೆಲಸ ಸರಿದೂಗಿಸಿದ್ದವು. ಮೇಸ್ತ್ರಿ ಒಬ್ಬನೇ ಅಲ್ಲ ಎಂದಾಯಿತು.

ಮತ್ತೆ ದಾಹದ ವಿಷಯಕ್ಕೆ ಬರೋಣ. 1961ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೋ ಎಂಬಲ್ಲಿನ ಪ್ರಯೋಗಾಲಯದಲ್ಲಿ ಕೆಲವು ಇಲಿಗಳು ವಿಪರೀತ ನೀರು ಕುಡಿಯುವುದು ಕಣ್ಣಿಗೆ ಬಿತ್ತು. ದಿನಕ್ಕೆ ತಮ್ಮ ತೂಕದ ಅರ್ಧಕ್ಕಿಂತ ಹೆಚ್ಚು ನೀರು! ಅವುಗಳಲ್ಲಿ ವ್ಯಾಸೋಪ್ರೆಸಿನ್ ಇರಲಿಲ್ಲ. ಹಾಗಾದರೆ ಹಾರ್ಮೋನಿನ ಜೀನು ಕೆಟ್ಟಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. 1984ರಲ್ಲಿ ಜೀನನ್ನು ಓದಿದಾಗ ಹಾರ್ಮೋನಿನ 9 ಅಮೈನೋ ಆಮ್ಲಗಳ ಭಾಗ ಪೂರ್ತಿ ಸರಿಯಿತ್ತು. ತಪ್ಪಿದ್ದುದು ನ್ಯೂರೋಫೈಸಿನ್ನಿನ ಭಾಗದಲ್ಲಿ, ಅದೂ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ತೊಟ್ಟಿಲು ಸೊಟ್ಟಗಾದದ್ದರಿಂದ ಕೂಸು ಮನೆಬಿಟ್ಟು ಹೊರಡಲೇ ಇಲ್ಲ.

ವಂಶಪಾರಂಪರ್ಯವಾಗಿ ಈ ಕಾಯಿಲೆ ಬರುವ ಕುಟುಂಬಗಳಲ್ಲೂ ಬಹುಪಾಲು ದೋಷಗಳು ನ್ಯೂರೋಫೈಸಿನ್ನಿನ ಭಾಗದಲ್ಲೇ ಸಿಕ್ಕಿವೆ. ಮನುಷ್ಯರಲ್ಲಿ ಒಂದು ವಿಚಿತ್ರವಿದೆ. ತಂದೆ ಅಥವಾ ತಾಯಿಯಿಂದ ಒಂದು ಒಳ್ಳೆಯ ಜೀನು ಬಂದಿರುತ್ತದೆ, ಮಗು ಹುಟ್ಟಿದಾಗ ಆರೋಗ್ಯವಾಗಿಯೇ ಇರುತ್ತದೆ. ಒಂದೆರಡು ವರ್ಷಕ್ಕೋ, ಐದಾರು ವರ್ಷಕ್ಕೋ ದಾಹ ಶುರುವಾಗುತ್ತದೆ. ಕಾರಣವೇನೆಂದರೆ, ಸರಿಯಾಗಿ ಮಡಚದ ಸರಗಳು ಗಾಲ್ಗಿ ಮುಟ್ಟುವ ಮೊದಲೇ, ರೆಟಿಕ್ಯುಲಮ್ಮಿನಲ್ಲೇ ಗಂಟು ಕಟ್ಟುತ್ತವೆ. ವರ್ಷಗಟ್ಟಲೆ ಕಸ ಸೇರಿ ಕೋಶವೇ ಕ್ಷೀಣಿಸುತ್ತದೆ. ಉಂಡೆಯಾಗುವ ಅದೇ ಗುಣ ಸರಿಯಾದ ಕೋಣೆಯಲ್ಲಿ ಪೊಟ್ಟಣ ಕಟ್ಟುತ್ತದೆ, ತಪ್ಪು ಕೋಣೆಯಲ್ಲಿ ಕೋಶವನ್ನು ಕೊಲ್ಲುತ್ತದೆ.

ಆದರೆ ಈ ಕಾಯಿಲೆಗೆ ಒಳ್ಳೆಯ ಔಷಧವಿದೆ. ಹಾರ್ಮೋನನ್ನು ಸ್ವಲ್ಪ ಬದಲಿಸಿ 1960ರ ದಶಕದಲ್ಲಿ ಪ್ರಾಗ್‌ನಲ್ಲಿ ತಯಾರಿಸಿದ ಡೆಸ್ಮೋಪ್ರೆಸಿನ್ ಮೂಗಿನ ಸ್ಪ್ರೇ, ಮಾತ್ರೆಗಳ ರೂಪದಲ್ಲಿ ಸಿಗುತ್ತದೆ. ಮಗು ಶಾಲೆಗೆ ಹೋಗಬಹುದು, ರಾತ್ರಿ ನಿದ್ದೆ ಮಾಡಬಹುದು. ರೋಗ ಪತ್ತೆಗೆ ಕೋಪೆಪ್ಟಿನ್ ನೆರವಾಗುತ್ತದೆ. ವ್ಯಾಸೋಪ್ರೆಸಿನ್ ರಕ್ತದಲ್ಲಿ ಬೇಗ ಕರಗಿಹೋಗುತ್ತದೆ, ಅಳೆಯುವುದು ಕಷ್ಟ. ಅದೇ ಪೊಟ್ಟಣದಿಂದ ಅದೇ ಲೆಕ್ಕದಲ್ಲಿ ಹೊರಬೀಳುವ ಕೋಪೆಪ್ಟಿನ್ ಹೆಚ್ಚು ಹೊತ್ತು ಉಳಿಯುತ್ತದೆ.

ಈ ಕಾಯಿಲೆಯನ್ನು ಬಹುಕಾಲ ಡಯಾಬಿಟಿಸ್ ಇನ್ಸಿಪಿಡಸ್ ಎಂದು ಕರೆಯುತ್ತಿದ್ದರು. ಡಯಾಬಿಟಿಸ್ ಎಂಬ ಪದ ಕೇಳಿ ಆಸ್ಪತ್ರೆಯವರೂ ಸಕ್ಕರೆ ಕಾಯಿಲೆ ಎಂದು ತಪ್ಪು ತಿಳಿದು, ಸಿಗಬೇಕಾದ ಔಷಧ ಸಿಗದೆ ಹೋದ ಪ್ರಸಂಗಗಳು ನಡೆದವು. 2022ರಲ್ಲಿ ತಜ್ಞರು ಕೂಡಿ ವ್ಯಾಸೋಪ್ರೆಸಿನ್ ಕೊರತೆ ಎಂಬರ್ಥದ ಹೊಸ ಹೆಸರಿಟ್ಟರು. ಹಳೆಯ ಚೀಟಿಗಳಲ್ಲಿ ಹಳೆಯ ಹೆಸರೇ ಇದ್ದೀತು. ಹೆಸರು ಯಾವುದಾದರೂ, ರೋಗ ಪತ್ತೆಯಾಗುವವರೆಗೆ ಮೂತ್ರ ಕಡಿಮೆಯಾಗಲಿ ಎಂದು ಇಂಥ ಮಗುವಿಗೆ ನೀರು ಕೊಡದೆ ಇರುವುದು ಅಪಾಯ. ಅದು ಕೇಳಿದಷ್ಟು ನೀರು ಕೊಡಬೇಕು.